ಕೋಲಾರದ ಬಂಡೆಗೆ ಎಷ್ಟು ಕಪ್ಪು ಬೇಕು?

ಕೋಲಾರದ ಪಕ್ಕದ ಅಂತರಗಂಗೆ ಬೆಟ್ಟದ ಬಂಡೆಗಳು ಹಸಿರಲ್ಲ. ಆದರೆ ಬೆಂಗಳೂರಿನ ಒಂದು ಲ್ಯಾಬಿನಿಂದ ತರಿಸಿದ ಪ್ರಿಂಟುಗಳಲ್ಲಿ ಅವಕ್ಕೆ ಹಸಿರು ಕಳೆ ಬಂದಿತ್ತು. ನಾನು ಕಳಿಸಿದ್ದು ಪಕ್ಕಾ ಬ್ಲಾಕ್ ಅಂಡ್ ವೈಟ್ ಫೈಲು. ಅದರಲ್ಲಿ ಬಣ್ಣದ ಸುಳಿವೇ ಇಲ್ಲ. ಫೋನ್ ಮಾಡಿದರೆ, "ನಮ್ಮ ಕಡೆ ಎಲ್ಲ ಸರಿ ಇದೆ ಸರ್, ನಿಮ್ಮ ಮಾನಿಟರ್ ಒಂದ್ಸಲ ನೋಡ್ಕೊಳ್ಳಿ" ಅಂದರು. ಕಾಗದ ಹಸಿರಾಗಿದ್ದರೆ ಮಾನಿಟರ್ ಏನು ಮಾಡುತ್ತೆ ಪಾಪ?

ಹಾಗಾಗುವುದಕ್ಕೆ ಕಾರಣ ಇದೆ. ಅಂಥ ಲ್ಯಾಬುಗಳಲ್ಲಿ ಬಳಸುವುದು ಕಲರ್ ಫೋಟೋ ಕಾಗದ. ಅದರಲ್ಲಿ ಕಪ್ಪಿಗೆ ಅಂತ ಬೇರೆ ಪದರ ಇರುವುದಿಲ್ಲ. ಸಯಾನ್, ಮಜೆಂಟಾ, ಹಳದಿ ಮೂರೂ ಸೇರಿ ಕಪ್ಪು ಆಗಬೇಕು, ಬೂದು ಆಗಬೇಕು. ಕೆಮಿಕಲ್ ಸ್ವಲ್ಪ ಹಳತಾದರೂ, ಮಷಿನ್ ಸೆಟ್ಟಿಂಗ್ ಸ್ವಲ್ಪ ಆಚೀಚೆ ಆದರೂ ಬೂದು ಒಂದು ಕಡೆಗೆ ವಾಲುತ್ತದೆ. ಮದುವೆ ಆಲ್ಬಮ್ಮಿನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಬರೀ ಬೂದಿನಲ್ಲೇ ನಿಂತಿರುವ ಚಿತ್ರದಲ್ಲಿ ಎದ್ದು ಕಾಣುತ್ತದೆ.

ನಾನು ಕೋಲಾರದಲ್ಲಿ ಹೈಸ್ಕೂಲ್ ಮೇಷ್ಟ್ರು. ರಜೆ ಬಂದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಡುತ್ತೇನೆ. ಅಂತರಗಂಗೆಯ ಬಂಡೆ, ಗುಹೆ, ಕೋಲಾರಮ್ಮನ ಗುಡಿಯ ಕಂಬ, ಕೆಜಿಎಫ್‌ನ ಗಣಿ ಶಾಫ್ಟುಗಳು, ಸೈನೈಡ್ ದಿಬ್ಬಗಳು. ಇವನ್ನು ಕಲರ್‌ನಲ್ಲಿ ನೋಡುವುದಕ್ಕೆ ನನಗೆ ಯಾಕೋ ಮನಸ್ಸಿಲ್ಲ. ಇಂಕು, ಸಾಫ್ಟ್‌ವೇರು ಆರಿಸುವಾಗ ಇವುಗಳಲ್ಲಿ ಎರಡು ಚಿತ್ರಗಳನ್ನು ಮುಂದಿಟ್ಟುಕೊಂಡೆ. ಒಂದು, ಅಂತರಗಂಗೆಯ ಗುಹೆ ಬಾಯಿ. ಅದು ಮುಕ್ಕಾಲು ಪಾಲು ನೆರಳು. ಇನ್ನೊಂದು, ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಸೈನೈಡ್ ದಿಬ್ಬ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡ ಅದು. ಗಣಿ 2001ರಲ್ಲಿ ಮುಚ್ಚಿತು, ದಿಬ್ಬ ಅಲ್ಲೇ ಇದೆ. ಮಳೆ ನೀರು ಇಳಿದು ಮೈತುಂಬಾ ಕೊರಕಲು ಬಿದ್ದಿದೆ. ಬಿಸಿಲಿನಲ್ಲಿ ಅದು ಹೆಚ್ಚುಕಮ್ಮಿ ಬಿಳಿಯಾಗಿಯೇ ಕಾಣುತ್ತದೆ, ಕೊರಕಲುಗಳು ಬಿಳಿಗಿಂತ ಕೂದಲೆಳೆಯಷ್ಟು ಬೂದು. ಗುಹೆ ಗಾಢ ಕಪ್ಪು ಕೇಳುತ್ತದೆ, ದಿಬ್ಬ ಅತಿ ತಿಳಿ ಬೂದು ಕೇಳುತ್ತದೆ. ಇವೆರಡನ್ನೂ ಸರಿಯಾಗಿ ಹಾಕುವ ಪ್ರಿಂಟರ್ ಸಿಕ್ಕರೆ ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ ಅನ್ನುವುದು ನನ್ನ ಲೆಕ್ಕ.

ಕ್ಲಾಕ್ ಟವರ್ ಕಡೆ ನನಗೆ ಪರಿಚಯದ ಸ್ಟುಡಿಯೋ ಒಂದಿದೆ. ಅದರ ಯಜಮಾನರು ಡಾರ್ಕ್‌ರೂಮ್ ಕಾಲದವರು. ಎನ್‌ಲಾರ್ಜರ್ ಈಗಲೂ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದೆ. ಲ್ಯಾಬಿನ ಪ್ರಿಂಟ್ ತೋರಿಸಿದ್ದಕ್ಕೆ, "ಮೇಷ್ಟ್ರೇ, ಅಲ್ಲಿಗ್ಯಾಕೆ ಕಳಿಸ್ತೀರಾ, ನಮ್ಮ ಹತ್ರಾನೇ ಹಾಕೋಣ ಬನ್ನಿ" ಅಂದರು. ಪಾಸ್‌ಪೋರ್ಟ್ ಫೋಟೋಗೆ ಅಂತ ಇಟ್ಟಿದ್ದ ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರಿನಲ್ಲಿ ಗುಹೆ ಚಿತ್ರ ಹಾಕಿದೆವು. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಅದ್ಭುತ. ಖುಷಿಯಿಂದ ಬಾಗಿಲಾಚೆ ಬಿಸಿಲಿಗೆ ತಂದರೆ ಬಂಡೆಗಳು ಗುಲಾಬಿಗೆ ತಿರುಗಿದ್ದವು.

ಸ್ಟುಡಿಯೋ ಅಣ್ಣ ಒಳಗಿಂದ ನೆಗೆಟಿವ್ ನೋಡುವ ಲೂಪ್, ಅಂದರೆ ಸಣ್ಣ ಭೂತಗನ್ನಡಿ, ತಂದು ಪ್ರಿಂಟಿನ ಮೇಲಿಟ್ಟರು. ಆಕಾಶದ ತಿಳಿ ಬೂದು ಇತ್ತಲ್ಲ, ಅಲ್ಲಿ ಬೂದು ಅನ್ನುವುದೇ ಇರಲಿಲ್ಲ. ತಿಳಿ ನೀಲಿ ಚುಕ್ಕೆ, ತಿಳಿ ಗುಲಾಬಿ ಚುಕ್ಕೆ, ನಡುವೆ ಹಳದಿ ಚುಕ್ಕೆ. ಬಂಡೆಯ ನೆರಳಿಗೆ ಬಂದರೆ ಮಾತ್ರ ಕಪ್ಪು ಚುಕ್ಕೆ ಶುರು. "ಇದು ಕಲರ್ ಫೋಟೋನೇ ಕಣ್ರೀ" ಅಂದರು ಅಣ್ಣ. ಸರಿಯಾಗೇ ಹೇಳಿದರು.

ಆ ಪ್ರಿಂಟರಿನ ಆರು ಇಂಕುಗಳಲ್ಲಿ ಕಪ್ಪು ಒಂದೇ. ತಿಳಿ ಬೂದು ಬೇಕಾದಾಗ ಡ್ರೈವರ್, ಅಂದರೆ ಪ್ರಿಂಟರ್ ನಡೆಸುವ ಸಾಫ್ಟ್‌ವೇರು, ಅದನ್ನು ಬಣ್ಣಗಳಿಂದ ಬೆರೆಸಿ ಮಾಡುತ್ತದೆ. ಬಣ್ಣಗಳಿಂದಾದ ಬೂದು ಒಂದೊಂದು ಬೆಳಕಿನಲ್ಲಿ ಒಂದೊಂದು ಥರ ಕಾಣುತ್ತದೆ. ಇದಕ್ಕೆ ಮೆಟಮೆರಿಸಂ ಅನ್ನುತ್ತಾರೆ. ದೊಡ್ಡ ದೊಡ್ಡ ಪ್ರಿಂಟರುಗಳನ್ನೂ ಇದು ಬಿಟ್ಟಿಲ್ಲ. 2000ದಲ್ಲಿ ಬಂದ ಎಪ್ಸನ್ ಸ್ಟೈಲಸ್ ಫೋಟೋ 2000ಪಿ ಬಾಳಿಕೆಗೆ ಹೆಸರಾಗಿತ್ತು, ಆದರೆ ಅದರ ಪ್ರಿಂಟುಗಳು ಹಗಲು ಬೆಳಕಿನಲ್ಲಿ ಹಸಿರಾಗುತ್ತವೆ ಅನ್ನುವ ದೂರೂ ಜೊತೆಗೇ ಬಂತು.

ಹಾಗಾದರೆ ಬಣ್ಣ ಬಿಟ್ಟು ಕಪ್ಪು ಇಂಕ್ ಒಂದರಲ್ಲೇ ಹಾಕಿದರೆ? ಡ್ರೈವರಿನಲ್ಲಿ ಆ ಆಯ್ಕೆಯೂ ಇರುತ್ತದೆ, ಹಾಕಿ ನೋಡಿದೆವು. ಬಂಡೆಗೆ ಪರವಾಗಿಲ್ಲ. ಬಂಡೆಯ ಮೈ ಹೇಗೂ ಒರಟು. ಆದರೆ ದಿಬ್ಬದ ಚಿತ್ರ ಕೆಟ್ಟುಹೋಯಿತು. ತಿಳಿ ಬೂದು ತೋರಿಸಬೇಕಾದರೆ ಪ್ರಿಂಟರ್ ಕಪ್ಪು ಚುಕ್ಕೆಗಳನ್ನು ದೂರ ದೂರ ಇಡಬೇಕು. ಬಿಳಿ ಕಾಗದದ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಕೊರಕಲುಗಳು ಎಲ್ಲೋ ಕಳೆದುಹೋದವು.

ಇಲ್ಲಿಗೆ ಒಂದು ವಿಷಯ ಖಾತ್ರಿಯಾಯಿತು. ಒಂದೇ ಕಪ್ಪು ಸಾಲದು. ಗಾಢ ಕಪ್ಪು, ನಡು ಬೂದು, ತಿಳಿ ಬೂದು ಅಂತ ಬೇರೆ ಬೇರೆ ಕಾರ್ಟ್ರಿಜ್ ಇರಬೇಕು. ಈ ಪದ್ಧತಿಯನ್ನು ಸಾಮಾನ್ಯ ಫೋಟೋಗ್ರಾಫರ್‌ಗಳ ಮೇಜಿಗೆ ತಂದದ್ದು ಎಪ್ಸನ್‌ನ ಅಲ್ಟ್ರಾಕ್ರೋಮ್ ಕೆ3 ಇಂಕು, 2005ರಲ್ಲಿ, ಆರ್2400 ಪ್ರಿಂಟರಿನ ಜೊತೆ. ಕೆ ಅಂದರೆ ಕಪ್ಪು, ಮೂರು ಮಟ್ಟದ ಕಪ್ಪು ಇರುವುದರಿಂದ ಕೆ3. ಅದರ ಡ್ರೈವರಿನಲ್ಲೇ ಅಡ್ವಾನ್ಸ್‌ಡ್ ಬ್ಲಾಕ್ ಅಂಡ್ ವೈಟ್ ಅನ್ನುವ ಮೋಡ್ ಬಂತು. ಇದರಲ್ಲಿ ಚಿತ್ರದ ಬಹುಪಾಲು ಕಪ್ಪು ಇಂಕುಗಳಿಂದಲೇ ಆಗುತ್ತದೆ. ಬಣ್ಣದ ಇಂಕು ಛಾಯೆ ತಿದ್ದುವಷ್ಟು ಮಾತ್ರ. ಕ್ಯಾನನ್‌ನ ಪ್ರೊ-1000, ಪ್ರೊ-300 ಥರದ ಪ್ರಿಂಟರುಗಳಲ್ಲೂ ಬೂದು ಇಂಕು ಇದೆ, ಬ್ಲಾಕ್ ಅಂಡ್ ವೈಟ್ ಮೋಡ್ ಇದೆ.

ಇನ್ನು ಡೈ ಇಂಕೋ ಪಿಗ್ಮೆಂಟ್ ಇಂಕೋ ಅನ್ನುವ ಪ್ರಶ್ನೆ. ಇದಕ್ಕೆ ನಾನು ಜಾಸ್ತಿ ಹೊತ್ತು ತಗೊಳ್ಳಲಿಲ್ಲ. ಡೈ ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ. ಹೊಳಪು ಕಾಗದದ ಮೇಲೆ ನೋಡಲು ಚೆಂದ, ಅಗ್ಗ. ಬೆಳಕಿಗೆ, ಗಾಳಿಗೆ ಬೇಗ ಸೋಲುತ್ತದೆ. ಪಿಗ್ಮೆಂಟ್ ಅಂದರೆ ದ್ರವದಲ್ಲಿ ತೇಲುವ ಸಣ್ಣ ಕಣಗಳು. ಕಪ್ಪು ಪಿಗ್ಮೆಂಟ್ ಕಾರ್ಬನ್. ನಮ್ಮ ತಾಳೆಗರಿಗಳ ಮೇಲೆ ಸವರುತ್ತಿದ್ದ ಮಸಿಯೂ ಕಾರ್ಬನ್ನೇ, ಇನ್ನೂ ಓದುವುದಕ್ಕೆ ಬರುತ್ತಿದೆ. ಗೋಡೆಗೆ ಹಾಕುವ ಚಿತ್ರ ಅಂದ ಮೇಲೆ ಪಿಗ್ಮೆಂಟೇ.

ತಲೆ ಕೆಡಿಸಿದ್ದು ಮುಂದಿನ ಹೆಜ್ಜೆ. ಕಂಪನಿಯ ಇಂಕೇ ಸಾಕಾ, ಅಥವಾ ಪ್ರಿಂಟರಿನ ಬಣ್ಣಗಳನ್ನೆಲ್ಲ ತೆಗೆದುಹಾಕಿ ಪೂರ್ತಿ ಕಪ್ಪು-ಬೂದು ಇಂಕು ತುಂಬುವುದಾ?

ಇದಕ್ಕೇ ಹುಟ್ಟಿದ್ದು ಪೀಜೋಗ್ರಫಿ. ಅಮೆರಿಕದ ವರ್ಮಾಂಟ್‌ನಲ್ಲಿ ಪ್ರಿಂಟ್ ಸ್ಟುಡಿಯೋ ನಡೆಸುವ ಜಾನ್ ಕೋನ್ ಅವರ ಪದ್ಧತಿ. ಅದರ ಕೆ7 ಸೆಟ್ಟಿನಲ್ಲಿ ಏಳು ಮಟ್ಟದ ಕಪ್ಪು-ಬೂದು. ಸಯಾನ್ ಇದ್ದ ಜಾಗದಲ್ಲಿ ಒಂದು ಬೂದು, ಹಳದಿ ಇದ್ದ ಜಾಗದಲ್ಲಿ ಇನ್ನೊಂದು. ಬೂದಿನಿಂದ ಬೂದಿಗೆ ಇಳಿಯುವಾಗ ಮೆಟ್ಟಿಲೇ ಕಾಣುವುದಿಲ್ಲ. ನನ್ನ ದಿಬ್ಬಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಅಂತ ಈಗಲೂ ಹೇಳುತ್ತೇನೆ. ಇನ್ನೊಂದು ದಾರಿ ಪಾಲ್ ರೋರ್ಕ್ ಅವರದು. ಅವರು ಎಬೋನಿ ಅನ್ನುವ ಮ್ಯಾಟ್ ಕಪ್ಪು ಕಾರ್ಬನ್ ಇಂಕನ್ನೇ ಬೇರೆ ಬೇರೆ ಪ್ರಮಾಣದಲ್ಲಿ ತೆಳು ಮಾಡಿಕೊಳ್ಳುವ ಸೂತ್ರಗಳನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟಿದ್ದಾರೆ. ತೆಳು ಮಾಡುವ ದ್ರವಕ್ಕೆ ಬೇಕಾದದ್ದು ಡಿಸ್ಟಿಲ್ಡ್ ವಾಟರು, ಗ್ಲಿಸರಿನ್, ಫೋಟೋ-ಫ್ಲೋ ಥರದ ವೆಟ್ಟಿಂಗ್ ಏಜೆಂಟು. ನಮ್ಮ ಸೈನ್ಸ್ ಮೇಷ್ಟ್ರಿಗೆ ಇದನ್ನು ಹೇಳಿದ್ದೇ ತಡ, ಲ್ಯಾಬಿನ ಅಳತೆ ಜಾಡಿ ತರಲು ಎದ್ದೇಬಿಟ್ಟರು. ತಡೆದು ಕೂರಿಸಬೇಕಾಯಿತು.

ಎರಡನ್ನೂ ಯಾಕೆ ಬಿಟ್ಟೆ ಅಂದರೆ, ಕಾರಣ ಗುಣಮಟ್ಟ ಅಲ್ಲ. ಪ್ರಿಂಟ್ ಹಾಕುವ ಲೆಕ್ಕ. ನಾನು ಹಾಕುವುದು ರಜೆಯಲ್ಲಿ, ಭಾನುವಾರದಲ್ಲಿ. ಪರೀಕ್ಷೆ ಪೇಪರು ತಿದ್ದುವ ತಿಂಗಳಲ್ಲಿ ಪ್ರಿಂಟರ್ ಮುಟ್ಟುವುದೇ ಇಲ್ಲ. ಪಿಗ್ಮೆಂಟ್ ಕಣಗಳು ಸುಮ್ನೆ ಇಟ್ಟರೆ ತಳಕ್ಕೆ ಇಳಿಯುತ್ತವೆ. ತೆಳು ಮಾಡಿದ ಇಂಕು ಒಂದೇ ಸಮ ಉಳಿಯಬೇಕಾದರೆ ಆಗಾಗ ಓಡುತ್ತಿರಬೇಕು. ವಾರಪೂರ್ತಿ ಪ್ರಿಂಟ್ ಹಾಕುವ ಕಡೆ ಈ ಇಂಕುಗಳು ರಾಜ. ನನ್ನ ಮನೆಯಲ್ಲಿ ಹಾಗಲ್ಲ. ಮೇಲಾಗಿ, ಬಣ್ಣ ತೆಗೆದ ಪ್ರಿಂಟರಿನಲ್ಲಿ ಆಮೇಲೆ ಮಗಳ ಪ್ರಾಜೆಕ್ಟಿಗೆ ಒಂದು ಭೂಪಟ ಹಾಕೋಕೂ ಆಗುವುದಿಲ್ಲ. ಹೊರದೇಶದಿಂದ ಇಂಕು ತರಿಸುವ ಖರ್ಚು, ಕಸ್ಟಮ್ಸ್ ಬೇರೆ.

ಕೊನೆಗೆ ತಂದದ್ದು ಬೆಂಗಳೂರಿನಲ್ಲಿ ಕೈಬದಲಾದ ಎಪ್ಸನ್ ಶೂರ್‌ಕಲರ್ ಪಿ600 ಜಾತಿಯ ಪ್ರಿಂಟರು. 13 ಇಂಚು ಅಗಲದ ಕಾಗದ ತಗೊಳ್ಳುತ್ತದೆ. ಒಂಬತ್ತು ಕಾರ್ಟ್ರಿಜ್. ಅವುಗಳಲ್ಲಿ ಫೋಟೋ ಬ್ಲಾಕ್, ಮ್ಯಾಟ್ ಬ್ಲಾಕ್, ಲೈಟ್ ಬ್ಲಾಕ್, ಲೈಟ್ ಲೈಟ್ ಬ್ಲಾಕ್. ಹಳೆ ಪ್ರಿಂಟರ್ ನೋಡಲು ಹೋಗುವವರಿಗೆ ಒಂದು ಮಾತು: ಮಾರುವವರು ತೋರಿಸುವ ಚೆಂದದ ಫೋಟೋ ನೋಡಬೇಡಿ, ನಿಮ್ಮೆದುರೇ ನಾಜಲ್ ಚೆಕ್, ಅಂದರೆ ಇಂಕು ಚಿಮ್ಮುವ ತೂತುಗಳ ಪರೀಕ್ಷೆ, ಹಾಕಿಸಿ. ಗೆರೆಗಳ ಜಾಲರಿಯಲ್ಲಿ ಒಂದು ಎಳೆ ತುಂಡಾಗಿದ್ದರೂ ಕೇಳಿ. ಆ ಮಾದರಿಯ ಕಾರ್ಟ್ರಿಜ್ ಈಗಲೂ ಸಿಗುತ್ತಾ ಅಂತ ದುಡ್ಡು ಕೊಡುವ ಮೊದಲೇ ವಿಚಾರಿಸಿ.

ಎರಡು ಗಾಢ ಕಪ್ಪು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಅದು ಕಾಗದಕ್ಕೆ ಸಂಬಂಧಿಸಿದ್ದು. ಹೊಳಪು, ಅರೆ ಹೊಳಪಿನ ಲಸ್ಟರ್, ಬರೈಟಾ ಥರದ ಕಾಗದಕ್ಕೆ ಫೋಟೋ ಬ್ಲಾಕ್. ಹೊಳಪಿಲ್ಲದ ಹತ್ತಿ ಕಾಗದಕ್ಕೆ ಮ್ಯಾಟ್ ಬ್ಲಾಕ್. ಅದಲುಬದಲು ಮಾಡಿದರೆ ಮ್ಯಾಟ್ ಕಾಗದದ ಮೇಲೆ ಫೋಟೋ ಬ್ಲಾಕ್ ಸಪ್ಪೆ ಬೂದಾಗಿ ಕೂರುತ್ತದೆ, ಹೊಳಪು ಕಾಗದದ ಮೇಲೆ ಮ್ಯಾಟ್ ಬ್ಲಾಕ್ ಹಿಡಿಯದೆ ಕೈಗೆ ಅಂಟುತ್ತದೆ. ಈ ಪ್ರಿಂಟರಿನಲ್ಲಿ ಎರಡು ಕಪ್ಪಿಗೂ ಒಂದೇ ದಾರಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಹಳೆಯದನ್ನು ತೊಳೆದು ಚೆಲ್ಲುತ್ತದೆ. ಮ್ಯಾಟಿನಿಂದ ಫೋಟೋ ಕಪ್ಪಿಗೆ ಬರುವಾಗ ಚೆಲ್ಲುವುದು ಜಾಸ್ತಿ. 2020ರಲ್ಲಿ ಬಂದ ಪಿ700, ಪಿ900ರಲ್ಲಿ ಎರಡಕ್ಕೂ ಬೇರೆ ಬೇರೆ ದಾರಿ ಇದೆ, ಈ ಕಾಟವಿಲ್ಲ. ದುಡ್ಡಿದ್ದವರು ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ನಾನು ಹೊಳಪಿನ ಕಾಗದದ ಕೆಲಸವನ್ನೆಲ್ಲ ಒಟ್ಟು ಮಾಡಿಕೊಂಡು ಒಂದೇ ಸಲ ಮುಗಿಸುತ್ತೇನೆ. ಮಿಕ್ಕಂತೆ ಮ್ಯಾಟ್.

ಕಾಗದದ ವಿಷಯ ಬಂದಾಗ ಸ್ಟುಡಿಯೋ ಅಣ್ಣ ಒಂದು ಉಪಾಯ ಮಾಡಿದರು. ಪಕ್ಕದ ಅಂಗಡಿಯಿಂದ ಖೋಟಾ ನೋಟು ನೋಡುವ ನೇರಳೆ ಲೈಟು ಇಸ್ಕೊಂಡು ಬಂದು, ನನ್ನ ಸ್ಯಾಂಪಲ್ ಕಾಗದಗಳನ್ನು ಸಾಲಾಗಿಟ್ಟು ಅಂಗಡಿ ಲೈಟು ಆರಿಸಿದರು. ಎರಡು ಹಾಳೆಗಳು ನೀಲಿಯಾಗಿ ಫಳಫಳ ಹೊಳೆದವು. ಹಾನೆಮ್ಯೂಲೆ ಕಂಪನಿಯ ಫೋಟೋ ರ‍್ಯಾಗ್ ಕಾಗದ ಹೆಚ್ಚು ಸದ್ದಿಲ್ಲದೆ ಮಂಕಾಗಿ ಕೂತಿತ್ತು. ಹಾಗೆ ಜೋರಾಗಿ ಹೊಳೆಯುವ ಕಾಗದದಲ್ಲಿ ಬಿಳುಪು ಹೆಚ್ಚಿಸುವ ಬ್ರೈಟನರ್ ಹಾಕಿರುತ್ತಾರೆ. ವರ್ಷ ಕಳೆದಂತೆ ಅದರ ಶಕ್ತಿ ಇಳಿದು ಕಾಗದ ಹಳದಿಗೆ ತಿರುಗುತ್ತದೆ. ಇಂಕು ಎಷ್ಟೇ ಬಾಳಿಕೆ ಬಂದರೂ ಕೆಳಗಿನ ಬಿಳಿಯೇ ಬದಲಾದರೆ ಏನು ಬಂತು? ಹಾಗಾಗಿ ನಾನು ಆರಿಸಿದ್ದು ಫೋಟೋ ರ‍್ಯಾಗ್. 308 ಜಿಎಸ್‌ಎಂ ದಪ್ಪ, ಪೂರ್ತಿ ಹತ್ತಿ. ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತೆ. ಅದಕ್ಕೇ ಪರೀಕ್ಷೆಗಳನ್ನೆಲ್ಲ ಅದರ ತುಂಡುಗಳ ಮೇಲೆ ಹಾಕುತ್ತೇನೆ, ಪೂರ್ತಿ ಹಾಳೆ ಕೊನೆಗೆ.

ಸಾಫ್ಟ್‌ವೇರಿಗೆ ಬರೋಣ. ಚಿತ್ರ ತಿದ್ದುವುದಕ್ಕೆ ನನಗೆ ಡಾರ್ಕ್‌ಟೇಬಲ್, ಗಿಂಪ್ ಸಾಕು. ಎರಡೂ ಬಿಟ್ಟಿ. ಇಲ್ಲಿ ಆರಿಸಬೇಕಾದದ್ದು ಪ್ರಿಂಟರಿಗೆ ಇಂಕು ಹಂಚುವ ಸಾಫ್ಟ್‌ವೇರು.

ಮೊದಲು ಡ್ರೈವರಿನ ಅಡ್ವಾನ್ಸ್‌ಡ್ ಬ್ಲಾಕ್ ಅಂಡ್ ವೈಟ್ ಮೋಡ್. ನ್ಯೂಟ್ರಲ್, ಕೂಲ್, ವಾರ್ಮ್, ಸೆಪಿಯಾ ಅಂತ ಛಾಯೆ ಆರಿಸಬಹುದು. ಟೋನ್ ಎಷ್ಟು ಗಾಢ ಬೇಕು ಅಂತಲೂ ಆರಿಸಬಹುದು. ಕಷ್ಟವೇ ಇಲ್ಲ. ಟ್ಯೂಬ್‌ಲೈಟಿನಿಂದ ಬಿಸಿಲಿಗೆ ತಂದರೂ ಬಂಡೆ ಬಂಡೆಯಾಗೇ ಇತ್ತು. ಲೂಪಿನಲ್ಲಿ ನೋಡಿದರೆ ಬೂದು ಚುಕ್ಕೆಗಳ ನಡುವೆ ಎಲ್ಲೋ ಒಂದೊಂದು ಬಣ್ಣದ ಚುಕ್ಕೆ. ಆದರೆ ಗುಹೆಯ ಒಳಗೆ, ಸ್ಕ್ರೀನಿನಲ್ಲಿ ನನಗೆ ಕಾಣುತ್ತಿದ್ದ ಎರಡನೇ ಬಂಡೆ, ಕಾಗದದ ಮೇಲೆ ಕತ್ತಲಲ್ಲಿ ಮುಳುಗಿತ್ತು.

ಆಗ ಕ್ವಾಡ್‌ಟೋನ್ ರಿಪ್ ಹಾಕಿಕೊಂಡೆ. ರಿಪ್ ಅಂದರೆ ಚಿತ್ರವನ್ನು ಇಂಕಿನ ಚುಕ್ಕೆಗಳಾಗಿ ಬಿಡಿಸಿ ಪ್ರಿಂಟರಿಗೆ ಕೊಡುವ ಸಾಫ್ಟ್‌ವೇರು. ರಾಯ್ ಹ್ಯಾರಿಂಗ್ಟನ್ ಬರೆದ ಸಾಫ್ಟ್‌ವೇರು, 50 ಡಾಲರ್. ಮೊದಲು ಹಾಕಿ ನೋಡಿ, ಇಷ್ಟವಾದರೆ ದುಡ್ಡು ಕೊಡಿ ಅನ್ನುವ ಪದ್ಧತಿ. ಇದು ಎಪ್ಸನ್ ಪ್ರಿಂಟರುಗಳಿಗೆ ಮಾಡಿದ್ದು. ಇಮೇಜ್‌ಪ್ರಿಂಟ್ ಥರದ ದೊಡ್ಡ ರಿಪ್‌ಗಳೂ ಇವೆ. ಅವುಗಳ ಬೆಲೆ ನನ್ನಂಥವರಿಗೆ ಅಲ್ಲ. ಕ್ವಾಡ್‌ಟೋನ್ ಡ್ರೈವರಿನ ಬಣ್ಣದ ಲೆಕ್ಕವನ್ನು ಪಕ್ಕಕ್ಕಿಟ್ಟು, ಯಾವ ಬೂದಿಗೆ ಯಾವ ಇಂಕು ಎಷ್ಟು ಅಂತ ಒಂದು ಕರ್ವ್ ನೋಡಿ ತಾನೇ ಹಾಕುತ್ತದೆ. ಕೆ3 ಇಂಕುಗಳಿಗೆ ಸಿದ್ಧ ಕರ್ವ್‌ಗಳು ಜೊತೆಗೇ ಬರುತ್ತವೆ. ಒಂದು ವಾರ್ಮ್ ಕರ್ವ್, ಒಂದು ಕೂಲ್ ಕರ್ವ್ ತಗೊಂಡು ನಿಮಗೆ ಬೇಕಾದಷ್ಟು ಬೆರೆಸಬಹುದು. ಬರೀ ಕಾರ್ಬನ್ ಇಂಕು ತೆಳುವಾದಾಗ ಕಂದು ಛಾಯೆ ಕೊಡುತ್ತದೆ. ನನಗೆ ಸೈನೈಡ್ ದಿಬ್ಬಕ್ಕೆ ಆ ಕಂದು ಸ್ವಲ್ಪ ಬೇಕಿತ್ತು, ಗುಹೆಗೆ ಬೇಡವಾಗಿತ್ತು.

ಸಿದ್ಧ ಕರ್ವ್ ನಿಮ್ಮ ಕಾಗದಕ್ಕೆ ಹೊಂದುತ್ತೋ ಇಲ್ಲವೋ ನೋಡಬೇಕಾದರೆ 21 ಮೆಟ್ಟಿಲಿನ ಪಟ್ಟಿ ಹಾಕಬೇಕು. ಬಿಳಿಯಿಂದ ಕಪ್ಪಿಗೆ, ಶೇಕಡಾ 5ರ ಅಂತರದಲ್ಲಿ 21 ಚೌಕ. ನನ್ನ ಮೊದಲ ಪಟ್ಟಿಯಲ್ಲಿ ತಿಳಿ ಕಡೆಯ ಚೌಕಗಳು ಒಂದೊಂದೂ ಬಿಡಿಬಿಡಿಯಾಗಿದ್ದವು. ಕಪ್ಪು ಕಡೆ ಕೊನೆಯ ಚೌಕಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಗುಹೆಯ ಎರಡನೇ ಬಂಡೆ ಮಾಯವಾಗಿದ್ದು ಇಲ್ಲೇ. ಅಳೆಯುವುದಕ್ಕೆ ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಒಳ್ಳೆಯದು, ಆದರೆ ಬೆಲೆ ಪ್ರಿಂಟರಿನ ಹತ್ತಿರ ಹತ್ತಿರ. ಪಟ್ಟಿ ಚೆನ್ನಾಗಿ ಒಣಗಲು ಬಿಟ್ಟು ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ ಸ್ಕ್ಯಾನ್ ಮಾಡಿದೆ. ಸ್ಕ್ಯಾನರಿನ ಆಟೋ ತಿದ್ದುಪಡಿಗಳನ್ನೆಲ್ಲ ಆಫ್ ಮಾಡಿರಬೇಕು, ಇಲ್ಲದಿದ್ದರೆ ಅದು ನಿಮಗೆ ಬೇಕಾದ ಸತ್ಯವನ್ನೇ ಚೆಂದ ಮಾಡಿ ಕೊಡುತ್ತದೆ. ಒಂದೊಂದು ಚೌಕ ಎಷ್ಟು ಗಾಢ ಅಂತ ಗುರುತು ಹಾಕಿಕೊಂಡು ಕರ್ವ್ ತಿದ್ದಿ ಮತ್ತೆ ಹಾಕಿದಾಗ ಕೊನೆಯ ಚೌಕಗಳು ಬಿಡಿಸಿಕೊಂಡವು. ಗುಹೆಯಲ್ಲಿ ಎರಡನೇ ಬಂಡೆ ಬಂತು, ಅದರ ಹಿಂದಿನ ಸಂದಿಯೂ ಬಂತು.

ಈಗ ನಮ್ಮೂರಿನ ಕಷ್ಟ. ಮಾರ್ಚ್, ಏಪ್ರಿಲ್‌ನಲ್ಲಿ ಕೋಲಾರದ ಗಾಳಿ ಒಣಗಿಸಿ ಹಾಕುತ್ತದೆ. ಮೇಲೆ ಧೂಳು. ಅದಕ್ಕಿಂತ ದೊಡ್ಡದು ಕರೆಂಟು. ಪ್ರಿಂಟರನ್ನು ಅದರದೇ ಬಟನ್ ಒತ್ತಿ ಆಫ್ ಮಾಡಿದರೆ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ, ನಾಜಲ್ ಒಣಗುವುದಿಲ್ಲ. ಪ್ರಿಂಟ್ ನಡುವೆ ಕರೆಂಟ್ ಹೋದರೆ ಹೆಡ್ ದಾರಿಯಲ್ಲೇ, ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಒಂದು ಬೇಸಿಗೆ ಮಧ್ಯಾಹ್ನ ಹಾಗೇ ಆಯಿತು. ಕರೆಂಟ್ ಬಂದದ್ದು ರಾತ್ರಿ. ಲೈಟ್ ಬ್ಲಾಕ್‌ನ ಅರ್ಧ ಗೆರೆಗಳು ಇಲ್ಲ. ಹೆಡ್ ಕ್ಲೀನಿಂಗ್ ಮೇಲೆ ಕ್ಲೀನಿಂಗ್ ಹೊಡೆಯುತ್ತಾ ಹೋದರೆ ಇಂಕೆಲ್ಲ ವೇಸ್ಟ್ ಪ್ಯಾಡಿಗೆ ಹೋಗುತ್ತದೆ. ಒಂದು ಸಲ ಹೊಡೆದು, ರಾತ್ರಿಯಿಡೀ ಹಾಗೇ ಬಿಟ್ಟು ಬೆಳಗ್ಗೆ ನೋಡಿದೆ, ಮುಕ್ಕಾಲು ಬಂದಿತ್ತು. ಇನ್ನೊಂದರಲ್ಲಿ ಪೂರ್ತಿ ಸರಿಯಾಯಿತು. ಅದರ ಮಾರನೇ ದಿನವೇ ಪ್ರಿಂಟರಿಗೆ ಯುಪಿಎಸ್ ಬಂತು. ಗೋಡೆಯ ಸ್ವಿಚ್ಚಿನಲ್ಲಿ ಆಫ್ ಮಾಡಬಾರದು ಅಂತ ಮನೆಯವರಿಗೆಲ್ಲ ತಾಕೀತು. ವಾರಕ್ಕೊಮ್ಮೆ ಎಲ್ಲ ಇಂಕೂ ಓಡುವಂಥ ಒಂದು ಸಣ್ಣ ಕಲರ್ ಫೋಟೋ ಹಾಕುತ್ತೇನೆ. ಇಷ್ಟಾದರೂ ಬಣ್ಣದ ಕಾರ್ಟ್ರಿಜ್‌ಗಳು ಬ್ಲಾಕ್ ಅಂಡ್ ವೈಟ್ ಕೆಲಸಕ್ಕೆ ಬಾರದೆಯೇ ಕ್ಲೀನಿಂಗಿನಲ್ಲಿ ಖರ್ಚಾಗುತ್ತವೆ. ಅದು ಈ ದಾರಿಯ ಸುಂಕ.

ಈಗ ಎರಡೂ ಸಾಫ್ಟ್‌ವೇರ್ ಇಟ್ಟುಕೊಂಡಿದ್ದೇನೆ. ಸ್ಟುಡಿಯೋ ಅಣ್ಣ ತಮ್ಮ ಗಿರಾಕಿಗಳ ತಾತ, ಅಜ್ಜಿಯ ಹಳೆ ಫೋಟೋ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಅವಕ್ಕೆ ಡ್ರೈವರಿನ ಮೋಡ್, ವಾರ್ಮ್ ಛಾಯೆ, ಲಸ್ಟರ್ ಕಾಗದ. ಜನಕ್ಕೆ ಅದೇ ಇಷ್ಟ, ಕೆಲಸವೂ ಬೇಗ. ನನ್ನ ಬಂಡೆ, ದಿಬ್ಬಗಳಿಗೆ ಕ್ವಾಡ್‌ಟೋನ್, ಮ್ಯಾಟ್ ಬ್ಲಾಕ್, ಹತ್ತಿ ಕಾಗದ.

ಉಳಿದದ್ದು ಫ್ರೇಮು. ಮ್ಯಾಟ್ ಕಪ್ಪಿನ ಮೇಲೆ ಬೆರಳು ಸವರಿದರೂ ಗುರುತು ಬೀಳುತ್ತದೆ, ಅದಕ್ಕೇ ಅಂಚು ಹಿಡಿದೇ ಎತ್ತಬೇಕು. ಹೊಸ ಪ್ರಿಂಟನ್ನು ತಕ್ಷಣ ಗಾಜಿನೊಳಗೆ ಹಾಕಿದರೆ ಇಂಕಿನಿಂದ ಏಳುವ ಆವಿ ಗಾಜಿನ ಒಳಬದಿಗೆ ಮಂಜಿನಂತೆ ಕೂರುತ್ತದೆ. ನಾನು ಬಿಳಿ ಕಾಗದ ಮುಚ್ಚಿ ಕೆಲವು ದಿನ ಒಣಗಿಸಿಯೇ ಕೊಡುವುದು. ಫ್ರೇಮ್ ಅಂಗಡಿಯವರು ಮೊದಲ ಸಲ ಪ್ರಿಂಟಿನ ಬೆನ್ನಿಗೆ ಗೋಂದು ಬಳಿಯಲು ಬ್ರಷ್ ಎತ್ತಿಯೇಬಿಟ್ಟಿದ್ದರು. "ಅಂಟಿಸಬೇಡಿ ಅಣ್ಣ, ಮೇಲಿನ ಅಂಚಿಗೆ ಮಾತ್ರ ಟೇಪ್ ಹಾಕಿ, ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ಬೋರ್ಡ್ ಇರಲಿ" ಅಂದೆ. "ಉಬ್ಬಿಕೊಂಡರೆ ನನ್ನನ್ನ ಬೈಬಾರ್ದು ಸಾರ್" ಅಂತ ಬಿಲ್ಲಿನ ಹಿಂದೆ ಬರೆಸಿಕೊಂಡೇ ಹಾಕಿಕೊಟ್ಟರು.